ನಡುವಿನ ಚೆಂಡು

ಚೆಂಡು ಓಡಾಡುತ್ತಿರುವಾಗ ಟೆನಿಸ್ ಕಾಮೆಂಟರಿ ಹೇಳುವವರು ಬಾಯಿ ತೆರೆಯಬಾರದು. ಸರ್ವ್ ಮಾಡಲು ಚೆಂಡು ಮೇಲಕ್ಕೆ ಹಾರಿತೆಂದರೆ ಬಾಯಿಗೆ ಬೀಗ. ಪಾಯಿಂಟ್ ಮುಗಿದ ಮೇಲೆ ಬೇಕಾದಷ್ಟು ಮಾತು. ಎಡಚಿಗೆ ಈ ಕೆಲಸ ಕಲಿಸಿದ ಹಿರಿಯರು ಮೊದಲ ದಿನ ಹೇಳಿದ್ದೂ ಇದನ್ನೇ, ಎರಡನೆಯ ದಿನ ಹೇಳಿದ್ದೂ ಇದನ್ನೇ. ಬಾಯಿಯನ್ನೇನೋ ಅವಳು ಮುಚ್ಚಿಕೊಂಡಳು, ಕಾಲುಗಳು ಮಾತ್ರ ಯಾರ ಮಾತೂ ಕೇಳಲಿಲ್ಲ. ಕಾಮೆಂಟರಿ ಕೋಣೆಯ ಗಾಜಿನ ಆಚೆ ಯಾರಾದರೂ ಬ್ಯಾಕ್‌ಹ್ಯಾಂಡಿಗೆ ಓಡಿದರೆ ಮೇಜಿನ ಕೆಳಗೆ ಇವಳ ಪಾದಗಳೂ ಓಡುತ್ತಿದ್ದವು. ಆ ದಡಬಡ ಸದ್ದನ್ನು ಮೈಕು ನಿಯತ್ತಾಗಿ ಮನೆಮನೆಗೆ ಮುಟ್ಟಿಸುತ್ತಿತ್ತು. ಮೇಜಿನ ಕೆಳಗೆ ಯಾರನ್ನಾದರೂ ಕಟ್ಟಿಹಾಕಿದ್ದೀರಾ ಮೇಡಂ ಎಂದು ಕೇಳಿದ ಸೌಂಡ್ ಎಂಜಿನಿಯರ್, ಮರುದಿನ ಹಳೆಯ ಕಂಬಳಿಯೊಂದನ್ನು ತಂದು ಅವಳ ಕಾಲಡಿ ಹಾಸಿದ.

ಆಡುವುದನ್ನು ಬಿಟ್ಟು ವರ್ಷಗಳಾಗಿದ್ದವು. ಭುಜ ಕೈಕೊಟ್ಟಿತ್ತು. ದೇಹಕ್ಕೆ ಮಾತ್ರ ಈ ಸುದ್ದಿಯನ್ನು ಯಾರೂ ತಿಳಿಸಿದ ಹಾಗಿರಲಿಲ್ಲ.

ಎಡಚಿ ಎಂಬ ಹೆಸರಿಟ್ಟವಳು ಅಕ್ಕ. ಅವರಪ್ಪ ಕ್ಲಬ್ಬಿನ ಕೋರ್ಟುಗಳಿಗೆ ನೀರು ಹಾಕಿ, ಉರುಳೆ ಎಳೆದು, ಸುಣ್ಣದ ಗೆರೆ ಬಳಿಯುವವರು. ಸದಸ್ಯರೆಲ್ಲ ಮನೆಗೆ ಹೋದ ಮೇಲೆ ಕೊನೆಯ ಕೋರ್ಟು ಇಬ್ಬರು ಹೆಣ್ಣುಮಕ್ಕಳ ಪಾಲಿಗೆ. ಅಕ್ಕ ಬಲಗೈಯವಳು, ಎಡಗಡೆ ನಿಲ್ಲುತ್ತಿದ್ದಳು. ತಂಗಿ ಎಡಗೈಯವಳು, ಬಲಗಡೆ. ಹಾಗೆ ನಿಂತರೆ ಇಬ್ಬರ ಫೋರ್‌ಹ್ಯಾಂಡೂ ನಡುವಿಗೇ ಬರುತ್ತದೆ. ಬೇರೆ ಜೋಡಿಗಳು ನಡುವಿನ ಚೆಂಡಿಗೆ ಹೆದರಿದರೆ, ಇವರಿಬ್ಬರೂ ಅದಕ್ಕೇ ಬಾಯಿ ಬಿಟ್ಟುಕೊಂಡು ಕಾಯುವವರು. ಕಿತ್ತಾಟ ಆಗದಿರಲೆಂದು ಅಪ್ಪ ಒಂದು ಕಟ್ಟುಪಾಡು ಮಾಡಿದ್ದರು: "ನಂದು" ಎಂದು ಮೊದಲು ಕೂಗಿದವಳು ಹೊಡೆಯಬೇಕು, ಇನ್ನೊಬ್ಬಳು ಹಿಂದುಮುಂದು ನೋಡದೆ ಪಕ್ಕಕ್ಕೆ ಸರಿಯಬೇಕು. ಎಷ್ಟು ರೂಢಿಯಾಗಿತ್ತೆಂದರೆ, ಊಟಕ್ಕೆ ಕೂತಾಗ ಕೊನೆಯ ತುತ್ತಿಗೂ ಒಬ್ಬಳು ಕೂಗುತ್ತಿದ್ದಳು, ಇನ್ನೊಬ್ಬಳು ಕೈ ಹಿಂದೆಳೆದುಕೊಳ್ಳುತ್ತಿದ್ದಳು. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದರು.

ದೊಡ್ಡ ಪಂದ್ಯಾವಳಿಯ ಡಬಲ್ಸ್ ಫೈನಲ್‌ನಲ್ಲಿ ಕೊನೆಯ ಚೆಂಡು ನಡುವಿಗೇ ಬಂತು. ಜೋರಾಗಿಯೂ ಬರಲಿಲ್ಲ, ಬಡಪಾಯಿ ಚೆಂಡು, ನಿದ್ದೆಗಣ್ಣಲ್ಲಿ ಹೊಡೆಯಬಹುದಾಗಿತ್ತು. ಅಕ್ಕ ಕೂಗಲಿಲ್ಲ, ತಂಗಿ ಕೂಗಲಿಲ್ಲ. ಅವಳು ಹೊಡೆಯುತ್ತಾಳೆಂದು ಇವಳು, ಇವಳು ಹೊಡೆಯುತ್ತಾಳೆಂದು ಅವಳು. ಚೆಂಡು ಇಬ್ಬರ ನಡುವೆ ಹಾದು ಗೆರೆಯ ಒಳಗೇ ಬಿದ್ದು, ಹಿಂದಿನ ಪರದೆಗೆ ತಾಗಿ ನಿಂತಿತು. ಅಲ್ಲಿಗೆ ಪಂದ್ಯ ಮುಗಿಯಿತು. ಒಳಗೆ ಬಟ್ಟೆ ಬದಲಾಯಿಸುವಾಗ ಅಕ್ಕ ಬಸ್ಸಿಗೆ ಹೊತ್ತಾಯಿತು ಎಂದಳೇ ಹೊರತು ಬೇರೇನೂ ಹೇಳಲಿಲ್ಲ. ಆಮೇಲೆ ಅವಳು ರಾಕೆಟ್ ಮುಟ್ಟಲಿಲ್ಲ. ಕನ್ನಡಕದ ಅಂಗಡಿಯೊಂದರಲ್ಲಿ ಲೆನ್ಸ್ ಉಜ್ಜುವ ಕೆಲಸ ಕಲಿತಳು, ಮುಂದೆ ಆ ಅಂಗಡಿಯನ್ನೇ ವಹಿಸಿಕೊಂಡಳು.

ಎಡಚಿ ಒಬ್ಬಳೇ ಆಡಿದಳು, ಒಬ್ಬಳೇ ಗೆದ್ದಳು. ಚಾಂಪಿಯನ್ ಆದಳು, ಪೇಪರಿನಲ್ಲಿ ಫೋಟೋ ಬಂತು, ಅಪ್ಪ ಗೆರೆ ಬಳಿದ ಕೋರ್ಟಿನಲ್ಲೇ ಸನ್ಮಾನವೂ ಆಯಿತು. ಅಷ್ಟೆಲ್ಲ ಆದರೂ ಕಪ್ಪು ಎತ್ತಿ ಹಿಡಿದಾಗಲೆಲ್ಲ ಅವಳ ಕಣ್ಣು ತನ್ನ ಎಡಗಡೆಗೇ ಹೋಗುತ್ತಿತ್ತು. ಅಲ್ಲಿ ಯಾರೂ ಇರುತ್ತಿರಲಿಲ್ಲ.

ಅಕ್ಕತಂಗಿಯರು ಮಾತು ಬಿಟ್ಟಿದ್ದರೆಂದಲ್ಲ. ಅಕ್ಕ ಭಾನುವಾರ ಭಾನುವಾರ ತಪ್ಪದೆ ಫೋನ್ ಮಾಡುತ್ತಿದ್ದಳು. ಅಮ್ಮನ ಮಾತ್ರೆ, ಸೋರುವ ನಲ್ಲಿ, ಮನೆ ಮಾಲೀಕನ ಪಿರಿಪಿರಿ, ಎಲ್ಲವೂ ಬರುತ್ತಿತ್ತು. ಟೆನಿಸ್ ಮಾತ್ರ ಬರುತ್ತಿರಲಿಲ್ಲ. ಒಮ್ಮೆ ಎಡಚಿ ಧೈರ್ಯ ಮಾಡಿ, ನನ್ನ ಕಾಮೆಂಟರಿ ಕೇಳ್ತೀಯಾ ಎಂದು ಬಾಯಿ ತೆರೆಯುವಷ್ಟರಲ್ಲಿ ಅಕ್ಕ, ಮನೆಯಲ್ಲಿ ಟಿವಿ ಕೆಟ್ಟು ಕೂತಿದೆ ಎಂದು ಮಾತು ತೇಲಿಸಿಬಿಟ್ಟಳು. ಅಲ್ಲಿಂದ ಮುಂದೆ ಇವಳೂ ಕೇಳಲಿಲ್ಲ. ಕೇಳಬೇಕಿತ್ತು, ಬಿಡಿ, ಸಾವಿರಾರು ಜನರ ಮುಂದೆ ಆಡಿದವಳಿಗೆ ಒಬ್ಬ ಅಕ್ಕನ ಮುಂದೆ ನಾಲಿಗೆ ಏಳಲಿಲ್ಲ. ಅವಳಿಗೆ ಬೇಕಿದ್ದದ್ದೂ ದೊಡ್ಡದೇನಲ್ಲ. ನಿನ್ನೆಯ ಆಟದ ಬಗ್ಗೆ ಅಕ್ಕ ಒಂದು ಸಲ ಬಾಯಿ ತುಂಬ ಬೈದರೆ ಸಾಕಿತ್ತು. ಆ ಬೈಗುಳಕ್ಕಾಗಿ ಅವಳ ಜೀವ ಹಂಬಲಿಸುತ್ತಿತ್ತು.

ಎಲ್ಲರಿಗೂ ಹೇಳಲು ಹೋಗಬೇಡ, ಯಾರಾದರೂ ಒಬ್ಬರನ್ನು ಎದುರಿಗೆ ಕೂರಿಸಿಕೊಂಡು ಹೇಳು ಎಂದು ಹಿರಿಯರು ಕಲಿಸಿದ್ದರು. ಎಡಚಿ ಅಕ್ಕನನ್ನೇ ಕೂರಿಸಿಕೊಂಡಿದ್ದಳು. ಅಕ್ಕ ಕೇಳುವುದಿಲ್ಲವೆಂದು ಗೊತ್ತಿದ್ದೂ, ನೋಡು, ಈ ಹುಡುಗಿ ಕಾಲು ತಡವಾಗಿ ಎತ್ತುತ್ತಾಳೆ ಎಂದು ಅವಳಿಗೇ ಹೇಳುತ್ತಿದ್ದಳು.

ಆ ಶನಿವಾರ ಇಬ್ಬರು ಹೊಸ ಹುಡುಗಿಯರ ಡಬಲ್ಸ್ ಫೈನಲ್. ಒಬ್ಬಳು ಬಲಗೈ, ಒಬ್ಬಳು ಎಡಗೈ, ಇವರು ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದರು. ಎದುರಾಳಿಯ ಚೆಂಡು ನೆಟ್ ದಾಟಿ ಸೀದಾ ನಡುವಿಗೆ ಬಂತು. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕಾಮೆಂಟರಿ ಕೋಣೆಯಲ್ಲಿ, ಚಾಲೂ ಇದ್ದ ಮೈಕಿನ ಮುಂದೆ, ಎಡಚಿ ಕುರ್ಚಿಯಿಂದ ಎದ್ದು ಗಂಟಲು ಹರಿಯುವಂತೆ ಕೂಗಿದಳು:

"ನಂದು!"

ಪಕ್ಕದಲ್ಲಿ ಕೂತಿದ್ದ ಹಿರಿಯರ ಕೈಯಲ್ಲಿದ್ದ ನೀರು ಅವರ ಅಂಗಿಯ ಮೇಲೆ ಚೆಲ್ಲಿತು. ಎಂಜಿನಿಯರ್ ಹೆಡ್‌ಫೋನ್ ಕಿತ್ತೆಸೆದ. ಹುಡುಗಿಯರಿಗೆ ಗಾಜಿನ ಆಚೆ ಏನೂ ಕೇಳಿಸಲಿಲ್ಲ; ಚೆಂಡು ಅವರ ನಡುವೆ ಹಾದುಹೋಯಿತು.

ಸಂಜೆಯೊಳಗೆ ಆ ಕೂಗು ಎಲ್ಲರ ಫೋನಿನಲ್ಲಿತ್ತು. ಲಿಫ್ಟಿನಲ್ಲಿ, ಕ್ಯಾಂಟೀನಿನ ಸಾಲಿನಲ್ಲಿ, ಎಲ್ಲಿ ಹೋದರೂ "ನಂದು" ಎಂದು ನಕ್ಕರು. ಎಡಚಿಯೂ ಹಲ್ಲು ಕಿರಿದಳು. ಒಳಗೊಳಗೇ ನಾಚಿಕೆಗಿಂತ ಹೆದರಿಕೆ ಹೆಚ್ಚಾಗಿತ್ತು. ಅಕ್ಕನ ಅಂಗಡಿಗೆ ಬರುವ ಗಿರಾಕಿ ಯಾರಾದರೂ ಇದನ್ನು ತೋರಿಸಿದರೆ? ಆ ಮಾತನ್ನು ಮುಟ್ಟದೇ ಇದ್ದದ್ದಕ್ಕೇ ಅಲ್ಲವೇ ಭಾನುವಾರದ ಫೋನಾದರೂ ಉಳಿದಿದ್ದದ್ದು? ಭಾನುವಾರ ಬಂತು, ಫೋನ್ ಬರಲಿಲ್ಲ.

ಸೋಮವಾರ ಅಂಗಡಿಯ ಬಾಗಿಲು ತೆರೆಯುತ್ತಿದ್ದಂತೆ ಅವಳೇ ಹೋಗಿ ನಿಂತಳು. ಅಕ್ಕನ ಎಡ ಮೊಣಕೈಗೆ ಬ್ಯಾಂಡೇಜು ಸುತ್ತಿತ್ತು. ಏನಾಯಿತೆಂದು ಕೇಳಿದರೆ ಬಿದ್ದೆ ಎಂದಷ್ಟೇ ಹೇಳಿ, ಒಳಗೆ ಬಾ ಎಂದು ಮುಂದೆ ನಡೆದಳು.

ಹಿಂದಿನ ಕೋಣೆಯಲ್ಲಿ ಲೆನ್ಸ್ ಉಜ್ಜುವ ಯಂತ್ರ, ಪುಡಿ ಹಿಡಿಯುವ ತಟ್ಟೆ, ರಟ್ಟಿನ ಡಬ್ಬಿಗಳು. ಯಂತ್ರದ ಎದುರಿಗೆ, ಕಣ್ಣಿನ ಮಟ್ಟಕ್ಕೆ ಸರಿಯಾಗಿ, ಗೋಡೆಗೊಂದು ಪುಟ್ಟ ಟಿವಿ. ಎಡಚಿ ಅದರತ್ತ ಬೆರಳು ತೋರಿಸಿದಳು.

"ಇದು ಯಾವಾಗಿಂದ ಇಲ್ಲಿದೆ?"

"ನೀನು ಮೈಕ್ ಮುಂದೆ ಕೂತಾಗಿಂದ."

"ಹೇಳ್ಲೇ ಇಲ್ವಲ್ಲ ಅಕ್ಕ."

"ನೀನೂ ಮತ್ತೆ ಕೇಳ್ಲಿಲ್ಲ."

ಆಮೇಲೆ ಅಕ್ಕ ಶುರು ಮಾಡಿದಳು. ಹೋದ ತಿಂಗಳು ಆ ಉದ್ದ ಜಡೆಯವಳ ವಾಲಿ ಹೊಡೆತವನ್ನು ಯಾಕೆ ಹಾಗೆ ಹೊಗಳಿದೆ, ದಂಡದ ವಾಲಿ ಅದು. ಸೋತವರ ಬಗ್ಗೆ ಮಾತಾಡುವಾಗ ನಿನಗೆ ಗಂಟಲು ಯಾಕೆ ಕಟ್ಟುತ್ತೆ, ಕೇಳುವವರಿಗೆ ಏನನ್ನಿಸುತ್ತೆ. ಮೇಜು ಗುದ್ದುವುದನ್ನು ನಿಲ್ಲಿಸು. ಬೈಗುಳ ಒಂದರ ಹಿಂದೊಂದು ಬರುತ್ತಿದ್ದರೆ ಎಡಚಿ ಸ್ಟೂಲಿನ ಮೇಲೆ ಕೂತು, ಅಳುವನ್ನು ತಡೆಯಲೂ ಹೋಗದೆ, ಮೈಯೆಲ್ಲ ಕಿವಿಯಾಗಿ ಕೇಳಿದಳು.

ಅಕ್ಕ ಉಸಿರು ತೆಗೆದುಕೊಳ್ಳಲು ನಿಂತಾಗ ಅವಳು ಮೆಲ್ಲಗೆ ಕೇಳಿದಳು.

"ಕೈಗೆ ಏನಾಯ್ತು? ನಿಜ ಹೇಳು."

ಅಕ್ಕ ಬ್ಯಾಂಡೇಜಿನ ಅಂಚನ್ನು ಸರಿಮಾಡಿಕೊಂಡಳು.

"ನೀನು ನಂದು ಅಂದ್ಯಲ್ಲ," ಎಂದಳು. "ಎಡಕ್ಕೆ ಸರಿದೆ."

ಎಡಗಡೆಯ ಗೋಡೆಗೆ ಫ್ರೇಮುಗಳ ಕಪಾಟಿತ್ತು. ಅದರ ಬಾಗಿಲಿಗೆ ಗಾಜು ಇರಲಿಲ್ಲ.