ಅಪ್ಪ ಒಳಗೆ ತಳ್ಳಿದ ಹಲ್ಲು

ಗೋಡೆ ಹಸಿರಾಗಿತ್ತು ಎಂದು ಬರೆದು, ಆ ಸಾಲನ್ನು ಹೊಡೆದುಹಾಕಿದೆ. ಫೋನಿನಲ್ಲಿರುವ ಚಿತ್ರದಲ್ಲಿ ಅದು ಹಳದಿ. ನನ್ನ ನೆನಪು ಕೇಳದೆಯೇ ಬಣ್ಣ ಬಳಿಯುತ್ತದೆ.

ಯಾದವಗಿರಿಯ ಒಂದು ಶಾಲೆಯ ಗೋಡೆ ಅದು. ಅದರ ಮೇಲೆ ಕಾವೇರಿಯ ಮೊಸಳೆ ಬರೆಯುವ ಕೆಲಸ ಅಪ್ಪನಿಗೆ ಸಿಕ್ಕಿತ್ತು. ಫ್ಲೆಕ್ಸ್ ಬಂದ ಮೇಲೆ ಮಂಡಿ ಮೊಹಲ್ಲಾದ ಅಂಗಡಿಗಳು ಬೋರ್ಡ್ ಬರೆಸುವುದನ್ನೇ ಬಿಟ್ಟಿದ್ದವು. "ಇದೂ ಒಪ್ಪಿಗೆ ಆಗ್ಲಿಲ್ಲ ಅಂದ್ರೆ ಬ್ರಷ್ಷೆಲ್ಲಾ ಗುಜರಿಗೆ ಹಾಕ್ಬುಡ್ತೀನಿ ಕಣಮ್ಮ," ಎಂದಿದ್ದರು. ತಮಾಷೆಗಲ್ಲ.

ಶಾಲೆಯವರು ಕೊಟ್ಟ ಫೋಟೋ ನೋಡಿಕೊಂಡು ಮೂರು ದಿನ ಬರೆದರು. ನಾನು ಏಣಿ ಹಿಡಿದಿದ್ದೆ. ಅಥವಾ ಏಣಿಗೆ ಒರಗಿ ಫೋನ್ ನೋಡುತ್ತಿದ್ದೆ. ಮುಗಿದಾಗ ವಿಜ್ಞಾನದ ಟೀಚರ್ ಬಂದರು.

"ಚೆನ್ನಾಗಿದೆ ಯಜಮಾನ್ರೇ. ಆದ್ರೆ ಇದು ನಮ್ಮ ಮೊಸಳೆ ಅಲ್ಲ, ಅಲಿಗೇಟರ್."

"ಅಂಗಂದ್ರೆ?"

"ಅಮೆರಿಕದ್ದು. ಚೀನಾದಲ್ಲೂ ಇದೆ. ಬಾಯಿ ಮುಚ್ಚಿದ್ರೆ ಅದರ ಕೆಳಗಿನ ಹಲ್ಲು ಕಾಣಲ್ಲ. ನಮ್ಮದಕ್ಕೆ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೇ ಇರತ್ತೆ."

ಅಪ್ಪನ ಮುಖ ಹೇಗಾಯಿತೋ ಗೊತ್ತಿಲ್ಲ. ನಾನು ಗೋಡೆ ನೋಡುತ್ತಿದ್ದೆ.

"ಮೊಸಳೆ ಮೂತಿ ಚೂಪು, ಅಲಿಗೇಟರ್‌ದು ಅಗಲ ಅಂತಾರಲ್ಲ ಮೇಡಂ?" ಎಂದೆ, ಅಪ್ಪನ ಪರವಾಗಿ.

"ನಮ್ಮ ಹೊಳೆ ಮೊಸಳೇದೂ ಅಗಲಾನೇ ಕಣಮ್ಮ. ಅದಕ್ಕೇ ಹಲ್ಲು ನೋಡ್ಬೇಕು."

"ಫೋಟೋದಲ್ಲಿತ್ತು ಮೇಡಂ ಆ ಹಲ್ಲು," ಎಂದರು ಅಪ್ಪ. "ನಾನೇ ಒಳಗೆ ತಳ್ಬುಟ್ಟೆ."

ಬೋರ್ಡುಗಳ ಜೊತೆಗೆ ಅಪ್ಪ ತೀರಿಕೊಂಡವರ ಭಾವಚಿತ್ರಗಳನ್ನೂ ಬರೆಯುತ್ತಿದ್ದರು. ಮನೆಯವರು ಒಂದು ಸಣ್ಣ ಫೋಟೋ ತಂದುಕೊಡುವರು. ಅದರಲ್ಲಿ ಹಲ್ಲು ಉಬ್ಬಿದ್ದರೆ, ಕೇಳದೆಯೇ ತುಟಿಯೊಳಗೆ ಸೇರಿಸುವುದು ಈ ಕಸುಬಿನ ಮರ್ಯಾದೆ. ಯಾರೂ ಆಕ್ಷೇಪಿಸಿದ್ದಿಲ್ಲ. ಮೊಸಳೆಗೂ ಅದೇ ಮರ್ಯಾದೆ ಸಂದಿತ್ತು.

ಟೀಚರ್ ಗೋಡೆ ಹಿಡಿದುಕೊಂಡು ನಕ್ಕರು. ಅಪ್ಪ ನಗಲಿಲ್ಲ. ಏಣಿ ಹತ್ತಿ, ಬಿಳಿ ಬಣ್ಣದಲ್ಲಿ ಆ ಹಲ್ಲನ್ನು ಹೊರಕ್ಕೆ ಎಳೆದರು. ಹಲ್ಲು ನೆಟ್ಟಗೆ ಬಂತು ಎಂದು ಬರೆಯಲು ಆಸೆ. ಸ್ವಲ್ಪ ಸೊಟ್ಟ ಬಂತು.

"ಈಗ ನಮ್ಮೂರದ್ದೇ," ಎಂದರು ಟೀಚರ್. "ಇದು ಇರ್ಲಿ."

ಅಪ್ಪ ಇಳಿಯಲಿಲ್ಲ. "ಇನ್ನೇನು ವೆತ್ಯಾಸ ಐತೆ ಮೇಡಂ, ಎರಡಕ್ಕೂ?"

ನಮ್ಮದು ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಡುತ್ತದೆ, ಅಲಿಗೇಟರ್ ಸೊಪ್ಪು ಸದೆ ಗುಡ್ಡೆಹಾಕಿ ಅದರೊಳಗೆ ಇಡುತ್ತದೆ ಎಂದರು ಟೀಚರ್. ಮರಿಗಳನ್ನು ಮಾತ್ರ ಎರಡರ ತಾಯಿಗಳೂ ಬಾಯಲ್ಲೇ ಹೊತ್ತು ನೀರಿಗೆ ಬಿಡುತ್ತವಂತೆ.

"ಇದೇ ಬಾಯಲ್ಲಾ?"

"ಇದೇ ಬಾಯಲ್ಲೇ ಕಣ್ರೀ."

ಅಪ್ಪ ತಾವು ಬರೆದ ಬಾಯನ್ನು ಬಹಳ ಹೊತ್ತು ನೋಡಿದರು. ಕರೆದಲ್ಲಿಗೆ ಮಾತ್ರ ಹೋಗುತ್ತಿದ್ದ ಮನುಷ್ಯ ಆಮೇಲೆ ತಾವಾಗಿಯೇ ಕೇಳಿದರು: "ಆ ಪಕ್ಕದ ಗೋಡೆ ಖಾಲಿ ಐತಲ್ಲ ಮೇಡಂ?"

"ಹೆಡ್‌ಮಿಸ್‌ನ ಕೇಳ್ತೀನಿ. ಸೋಮವಾರ ಬನ್ನಿ."

ವಾಪಸು ಬರುವಾಗ ಲಷ್ಕರ್ ಮೊಹಲ್ಲಾದ ಬಣ್ಣದಂಗಡಿಯ ಮುಂದೆ ನನಗೆ ಸ್ಕೂಟರ್ ನಿಲ್ಲಿಸಲು ಹೇಳಿದರು.

"ಮೊಸಳೆ ಮರಿ ಎಷ್ಟುದ್ದ ಇರ್ತದಂತೆ, ಫೋನಲ್ಲಿ ನೋಡು."

"ಒಂದು ಗೇಣಿನ ಮೇಲೆ ಸ್ವಲ್ಪ, ಅಪ್ಪಾ."

ಅಂಗಡಿಯ ಕಟ್ಟೆಯ ಮೇಲೆ ಗೇಣು ಹಾಕಿ ನೋಡಿ, ಎಲ್ಲಕ್ಕಿಂತ ಸಣ್ಣ ಬ್ರಷ್ ಕೊಡಿ ಎಂದರು.