ರುಚಿ ನೋಡದ ಜೇನು

ಹೆಂಡತಿಗೆ ‘ತಪ್ಪಾಯಿತು’ ಎಂದು ಹೇಳುವುದನ್ನು ತಪ್ಪಿಸಿಕೊಳ್ಳಲು ನಾನು ಆಫ್ರಿಕದ ನದಿ ದೇವಿಯ ತನಕ ಹೋದೆ. ವಿಮಾನದಲ್ಲಿ ಅಲ್ಲ, ನಮ್ಮ ಬಿಳೇಕಹಳ್ಳಿ ಮನೆಯ ಮಹಡಿ ಮೆಟ್ಟಿಲು ಹತ್ತಿ. ಎಪ್ಪತ್ತಮೂರರ ವಯಸ್ಸು, ಎರಡೂ ಮಂಡಿ ನೋವು, ಹದಿನೆಂಟು ಮೆಟ್ಟಿಲು. ನಾನು ಕೂರುವ ಕುರ್ಚಿಯಿಂದ ಅಡುಗೆಮನೆಗೆ ಹತ್ತೇ ಹೆಜ್ಜೆ. ಆದರೂ ಮಹಡಿಯೇ ಹತ್ತಿರ ಅನ್ನಿಸಿತು.

ತಪ್ಪು ಏನೆಂದು ಮೊದಲೇ ಹೇಳಿಬಿಡುತ್ತೇನೆ. ಇಪ್ಪತ್ತೆರಡು ವರ್ಷಗಳ ಹಿಂದಿನ ಗೌರಿ ಹಬ್ಬ. ನನ್ನ ಇಬ್ಬರು ಅಕ್ಕಂದಿರು ಬಂದಿದ್ದರು. ಹೆಂಡತಿ ನಸುಕಿಗೇ ಎದ್ದು, ಮಡಿಯುಟ್ಟು, ಬೇಳೆ ಬೇಯಿಸಿ, ಒಬ್ಬಟ್ಟಿಗೆ ಹೂರಣ ರುಬ್ಬಿದ್ದಳು. ಬೆಲ್ಲ ಹಿಡಿಯಿತೋ ಇಲ್ಲವೋ ನೋಡಲು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಅದು ನನ್ನ ಕಣ್ಣಿಗೆ ಬಿತ್ತು. ನೈವೇದ್ಯಕ್ಕೆ ಮುಂಚೆ ಬಾಯಿಗಿಟ್ಟರೆ ಎಂಜಲು, ದೇವರಿಗೆ ಸಲ್ಲದು. ಎಸ್ಸೆಸ್ಸೆಲ್ಸಿ ಮುಗಿಸಿ ಕಾರ್ಖಾನೆ ಸೇರಿದ ನನಗೆ ಬರುತ್ತಿದ್ದ ಶಾಸ್ತ್ರ ಅದೊಂದೇ. ಅದನ್ನೇ ಪೂರ್ತಿ ಬಳಸಿದೆ. “ದೇವಿಗಿಂತ ಮುಂಚೆ ನಿನ್ನ ನಾಲಿಗೆಗೆ ಏನೇ ಅವಸರ?” ಎಂದು ಅಕ್ಕಂದಿರ ಎದುರಿಗೇ ಕೂಗಿದೆ. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬೀದಿ ಹಸುವಿನ ಮುಂದೆ ಸುರಿದೆ. ಹಸು ಎಂಜಲೆಂದು ಮೂಗು ಮುರಿಯಲಿಲ್ಲ. ನೆಕ್ಕಿ ತಿಂದು, ಇನ್ನೂ ಇದೆಯಾ ಎನ್ನುವಂತೆ ನನ್ನ ಮುಖ ನೋಡಿತು.

ಆವತ್ತಿನಿಂದ ಅವಳು ನೈವೇದ್ಯಕ್ಕೆ ಒಲೆ ಹಚ್ಚಲಿಲ್ಲ. ನನ್ನ ಊಟ ತಿಂಡಿಗೆ ಕೊರತೆ ಮಾಡಲಿಲ್ಲ. ಹಬ್ಬ ಬಂದರೆ ಮಾತ್ರ ದೇವರ ಮುಂದೆ ಒಂದು ತಟ್ಟೆ ಬಾಳೆಹಣ್ಣು. “ಸಿಪ್ಪೆ ಇದೆ ರೀ. ಯಾರೂ ನೆಕ್ಕಿಲ್ಲ, ಬೇಕಾದ್ರೆ ತಿರುಗಿಸಿ ತಿರುಗಿಸಿ ನೋಡ್ಕೊಳ್ಳಿ,” ಎನ್ನುತ್ತಿದ್ದಳು. ನಾನು ಅಂಗಡಿಯಿಂದ ಒಬ್ಬಟ್ಟು ತಂದು ನೈವೇದ್ಯ ಮಾಡಿ ಗಂಡಸುತನ ಉಳಿಸಿಕೊಂಡೆ. ಅಂಗಡಿಯವನ ಪಾತ್ರೆಯಲ್ಲಿ ಎಷ್ಟು ಬೆರಳು ಆಡಿದ್ದವೋ, ನನ್ನ ಶಾಸ್ತ್ರ ಕೇಳಲಿಲ್ಲ.

ದೇವರುಗಳನ್ನು ಮಾತ್ರ ಬಿಡಲಿಲ್ಲ. ಬನಶಂಕರಿ ಗುಡಿಯಲ್ಲಿ ರಾಹುಕಾಲಕ್ಕೆ ನಿಂಬೆಹಣ್ಣಿನ ದೀಪ ಹಚ್ಚಿದೆ. ಗುರುವಾರ ಜಯನಗರದ ಮಠ, ಶನಿವಾರ ತಲಘಟ್ಟಪುರದ ಆಚೆಯ ಗುಡಿ. ಎಲ್ಲ ಕಡೆಯೂ ಒಂದೇ ಅರ್ಜಿ: ಅವಳ ಹಟ ಬಿಡಿಸಪ್ಪ. ಅರ್ಜಿಯಲ್ಲಿ ಹಸುವಿನ ವಿಷಯ ಬರೆದಿರಲಿಲ್ಲ.

ಹೀಗಿರುವಾಗ ಮಹಡಿಯ ಒಂಟಿ ಕೋಣೆಗೆ ನೈಜೀರಿಯದಿಂದ ಫಾರ್ಮಸಿ ಓದಲು ಬಂದ ಹೆಣ್ಣುಮಗಳು ಬಾಡಿಗೆಗೆ ಬಂದಳು. ನಾನು ಬೇಡವೆಂದಿದ್ದೆ. ಕಾರಣ ಹೇಳಲು ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ. ಹೆಂಡತಿ ನನ್ನನ್ನು ಕೇಳದೆ ಕೀಲಿಕೈ ಕೊಟ್ಟಳು. ಮಹಡಿಯಲ್ಲಿ ಒಗೆದ ಬಟ್ಟೆ ಹರವುತ್ತಾ ಅವಳಿಗೆ ಕನ್ನಡವನ್ನೂ ಕಲಿಸಿದಳು. ನಾನು ಟ್ಯಾಂಕಿನ ನೀರು ನೋಡುವ ನೆಪದಲ್ಲಿ ಮೇಲೆ ಹೋಗಿ ಬಾಗಿಲ ಸಂದಿಯಲ್ಲಿ ಇಣುಕುತ್ತಿದ್ದೆ. ಒಂದು ದಿನ ಮೇಜಿನ ಮೇಲೆ ಹಳದಿ ಬಟ್ಟೆ, ಹಿತ್ತಾಳೆ ಬಳೆ, ಪುಟ್ಟ ಕನ್ನಡಿ, ಒಂದು ಲೋಟ ನೀರು ಕಂಡವು. ಮಂಡಿ ನೋವು ಮರೆತು ಕೆಳಗೆ ಓಡಿಬಂದೆ.

“ಮಾಟ ಕಣೇ! ಮೇಲೆ ಮಾಟ ನಡೀತಿದೆ!”

“ಹಳದಿ, ಬಳೆ, ಕನ್ನಡಿ. ನಮ್ಮ ಗೌರಿ ಬಾಗಿನದಲ್ಲಿ ಇರೋದೂ ಅದೇ ಅಲ್ವೇನ್ರೀ?” ಎಂದಳು ಹೆಂಡತಿ. “ಅದು ಮಾಟ ಆದ್ರೆ ನಾನು ನಿಮಗೆ ಯಾವತ್ತೋ ಮಾಡಿಸ್ಬೇಕಿತ್ತು.”

ಮರುದಿನ ಮೇಲೆ ಸಿಕ್ಕಿಬಿದ್ದೆ. “ಅಂಕಲ್, ಟ್ಯಾಂಕ್ ದಿನಾ ಮೂರ್ ಸಲ ನೋಡ್ಬೇಕಾ?” ಎಂದು ನಗುತ್ತಾ ಕೇಳಿದಳು ಆ ಹೆಣ್ಣುಮಗಳು. ಮಾನ ಹೋದ ಮೇಲೆ ನೇರವಾಗಿಯೇ ಕೇಳಿದೆ: “ಅದ್ಯಾರಮ್ಮ ನಿಮ್ಮ ದೇವರು?”

“ಓಶುನ್. ನಮ್ಮ ಯೊರುಬಾ ಜನರ ದೇವಿ. ನದಿ ಅಂದ್ರೆ ಅವಳೇ. ಜೇನು ಇಷ್ಟ ಅವಳಿಗೆ. ಮನೇಲಿ ಕಹಿ ಇದ್ರೆ ಸಿಹಿ ಮಾಡ್ತಾಳೆ.”

ಕೊನೆಯ ಮಾತು ಮಾತ್ರ ನನ್ನ ತಲೆಗೆ ಹೋಯಿತು. ಕೆಳಗಿಳಿದು ಕ್ಷಮೆ ಕೇಳದೆಯೇ ಒಬ್ಬಟ್ಟು ಸಿಗುವ ದಾರಿ! “ನಾನು ಅವಳನ್ನ ಪೂಜೆ ಮಾಡ್ಬೋದಾ?”

“ನಿಧಾನ ಅಂಕಲ್. ಫಸ್ಟ್ ತೀರಿಕೊಂಡ ಹಿರಿಯರಿಗೆ ಒಂದ್ ಲೋಟ ನೀರಿಡಿ. ದಿನಾ ಅವ್ರ ಜೊತೆ ಮಾತಾಡಿ. ನಡತೆ ಸರಿ ಮಾಡ್ಕೊಳ್ಳಿ, ಯಾರಿಗಾದ್ರೂ ನೋವ್ ಕೊಟ್ಟಿದ್ರೆ ಹೋಗಿ ಕ್ಷಮೆ ಕೇಳ್ಕೊಳ್ಳಿ. ಆಮೇಲೆ ದೇವಿ. ನಮ್ಮಲ್ಲಿ ದೊಡ್ಡೋರನ್ನ ಕೇಳ್ದೆ ಯಾರೂ ಹಂಗೇ ಶುರು ಮಾಡಲ್ಲ.”

“ಅದೆಲ್ಲ ಆಗಿದೆ,” ಎಂದೆ. ಗುಡಿಯ ಸಾಲಿನಲ್ಲಿ ಹಗ್ಗದಡಿ ನುಸುಳಿ ಮುಂದೆ ಹೋಗುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ.

ನದಿಗೆ ಎಲ್ಲಿ ಹೋಗುವುದು? ಬಿಳೇಕಹಳ್ಳಿಯಲ್ಲಿ ಹರಿಯುವ ನೀರೆಂದರೆ ಟ್ಯಾಂಕರ್‌ನಿಂದ ಸೋರುವ ನೀರು. ಹಾಗಾಗಿ ಮಹಡಿಯ ಟ್ಯಾಂಕಿನ ಅಡಿಯಲ್ಲೇ ಹಳದಿ ವಸ್ತ್ರ ಹಾಸಿದೆ. ಸೀಲು ಒಡೆಯದ ಜೇನಿನ ಬಾಟಲಿ ತಂದೆ. ಉಸಿರು ತಾಗೀತೆಂದು ಮೂಗಿಗೆ ಟವೆಲ್ ಕಟ್ಟಿಕೊಂಡು ಹಿತ್ತಾಳೆ ಬಟ್ಟಲಿಗೆ ಸುರಿದೆ. ಐದು ದಿನ ಬೆಳಿಗ್ಗೆ ಕೈಮುಗಿದು ನಿಂತೆ. ಕೆಳಗೆ ಅದೇ ಅನ್ನ, ಅದೇ ಸಾರು. ಆರನೆಯ ದಿನ ತಾಳ್ಮೆ ಕೆಟ್ಟು ಆ ಹೆಣ್ಣುಮಗಳನ್ನೇ ಕರೆದು ತೋರಿಸಿದೆ.

“ಏನಮ್ಮ, ನಿಮ್ಮ ದೇವಿಗೆ ಕನ್ನಡ ಬರಲ್ವಾ? ಇರುವೆ ಬಿಟ್ರೆ ಯಾರೂ ಬಂದಿಲ್ಲ.”

ಅವಳು ಬಗ್ಗಿ ಬಟ್ಟಲು ನೋಡಿದಳು. “ನೀವು ತಿಂದು ನೋಡಿದ್ರಾ ಅಂಕಲ್?”

“ರಾಮ ರಾಮ! ಒಂದು ಹನಿ ಮುಟ್ಟಿಲ್ಲ.”

“ಅಯ್ಯೋ, ಹಂಗಾದ್ರೆ ಮುಟ್ಟಲ್ಲ ಅವಳು. ಒಂದ್ಸಲ ಯಾರೋ ಜೇನಲ್ಲಿ ವಿಷ ಹಾಕಿ ಕೊಟ್ಟಿದ್ರಂತೆ. ಅದಕ್ಕೇ ಕೊಡೋರು ಫಸ್ಟ್ ಬಾಯಿಗಿಟ್ಟು ತೋರಿಸ್ಬೇಕು. ರುಚಿ ನೋಡ್ದೆ ಇಟ್ರೆ ನಂಬಿಕೆ ಇಲ್ಲ.”

ಅಷ್ಟರಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಡತಿಯ ನಗು ಕೇಳಿತು. ಸೀರೆಯ ಮರೆಯಿಂದ ಹೊರಗೆ ಬಂದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ನಾನು ಕೇಳಿರಲಿಲ್ಲ. “ಎಂಜಲೇ ಬೇಕಂತೆ ರೀ ಆ ದೇವಿಗೆ! ಯಾಕ್ ನಿಂತ್ರಿ? ಇಡಿ ಬಾಯಿಗೆ.”

ಬೆರಳಿಗೆ ಜೇನು ಹಚ್ಚಿಕೊಂಡೆ. ಬಾಯಿಗೆ ಹೋಗಲಿಲ್ಲ. ಒಂದು ಬೆರಳಿನ ಸಿಹಿ ಎಷ್ಟು ಸಣ್ಣದು ಎಂದು ಅವತ್ತು ಹತ್ತಿರದಿಂದ ನೋಡಿದೆ. ಕೊನೆಗೆ ನೆಕ್ಕಿದೆ. ಆಕಾಶ ಬೀಳಲಿಲ್ಲ.

“ಅವತ್ತು ಹೂರಣ ಸುರಿದದ್ದು ನನ್ನ ತಪ್ಪು,” ಎಂದೆ. ಆ ಹೆಣ್ಣುಮಗಳ ಎದುರಿಗೇ ಹೇಳಿದೆ. ಬೈದದ್ದೂ ಜನರ ಎದುರಿಗೇ ಅಲ್ಲವೇ?

ಹೆಂಡತಿಯ ನಗು ನಿಂತಿತು. ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹಿಂಡಿ, ಕೊಡವಿದಳು. “ಅವತ್ತು ಬೆಳಿಗ್ಗೆಯಿಂದ ನಾನು ಒಂದು ತೊಟ್ಟು ನೀರು ಕುಡಿದಿರ್ಲಿಲ್ಲ. ಅದು ಗೊತ್ತಿತ್ತಾ ನಿಮಗೆ?”

ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ. ಅವಳು ಬಕೆಟ್ ಎತ್ತಿಕೊಂಡು ಇಳಿದು ಹೋದಳು. ಕ್ಷಮಿಸಿದೆ ಎನ್ನಲಿಲ್ಲ. ಆ ಹೆಣ್ಣುಮಗಳು ಇರುವೆ ಮುತ್ತಿದ ಬಟ್ಟಲನ್ನು ಎತ್ತಿ ನನ್ನ ಕೈಗೆ ಕೊಟ್ಟು, “ಹಿರಿಯರಿಂದ ಶುರು ಮಾಡಿ ಅಂಕಲ್,” ಎಂದಳು. ಮರುದಿನದಿಂದ ಅಮ್ಮನ ಪಟದ ಮುಂದೆ ಒಂದು ಲೋಟ ನೀರಿಡುತ್ತಿದ್ದೇನೆ. ಓಶುನ್ ದೇವಿಯ ಹತ್ತಿರ ಹೋಗುವ ಯೋಗ್ಯತೆ ಇನ್ನೂ ಬಂದಿಲ್ಲ.

ಈ ಸಲದ ಗೌರಿ ಹಬ್ಬಕ್ಕೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಳು. ಬೇಳೆ ಬೇಯಿಸಿದ್ದು, ರುಬ್ಬಿದ್ದು, ಮೈಗೆಲ್ಲ ಮೆತ್ತಿಕೊಂಡದ್ದು ನಾನು. ಅವಳಿಗೆ ಮೊದಲು ಕಾಫಿ ಕೊಟ್ಟೆ. ಕುಡಿದಳು. ಆಮೇಲೆ ಎದ್ದು ಬಂದು, ನನ್ನ ಮುಖ ನೋಡುತ್ತಲೇ, ಹೂರಣಕ್ಕೆ ಬೆರಳು ಹಾಕಿ ಬಾಯಿಗಿಟ್ಟುಕೊಂಡಳು. ಗೌರಿ ದೇವಿ ನೈವೇದ್ಯಕ್ಕೆ ಇನ್ನೂ ಕಾಯುತ್ತಿದ್ದಳು.

“ಬೆಲ್ಲ ಸಾಲ್ದು,” ಎಂದಳು.

ನಾನು ಇನ್ನಷ್ಟು ಬೆಲ್ಲ ಕುಟ್ಟಲು ಕೂತೆ.