ಚಾಂದನಿಯ ಮೊದಲ ಹಾಲು

ನಮ್ಮ ಎದುರು ಫ್ಲ್ಯಾಟಿನ ವೈಜಯಂತಿಯವರಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಅಷ್ಟೇ. ದ್ವಾರಕಾದ ಈ ಸೊಸೈಟಿಯಲ್ಲಿ ನಮ್ಮಿಬ್ಬರಿಗೆ ಹೊಂದಿಕೆಯಾದದ್ದು ಅದಕ್ಕೇ ಇರಬೇಕು. ಅವರು ಹಾವೇರಿ ಕಡೆಯವರು, ಪಶುಸಂಗೋಪನೆಯ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು ನಿವೃತ್ತರಾದವರು. ಯಾವ ಹಸು ಯಾವಾಗ ಬೆದೆಗೆ ಬಂತು, ಯಾವಾಗ ಗಬ್ಬವಾಯಿತು, ಎಂದು ಕರು ಹಾಕಿತು, ಎಷ್ಟು ಹಾಲು ಕೊಟ್ಟಿತು, ಎಲ್ಲವನ್ನೂ ಟೈಪ್ ಮಾಡಿದ್ದರು. ಒಂದು ಹಸುವಿನ ಮೈ ಮಾತ್ರ ಮುಟ್ಟಿರಲಿಲ್ಲ.

ನಿವೃತ್ತಿಯ ಮೇಲೆ ಸೊಸೈಟಿಯ ಹಿಂದಿನ ಹಳ್ಳಿಯ ಸತ್‌ಬೀರ್ ಭಯ್ಯಾನ ಕೊಟ್ಟಿಗೆಗೆ ದಿನಾ ಹೋಗಿ ಹಾಲು ತರತೊಡಗಿದರು. ಅಲ್ಲಿ ಚಾಂದನಿ ಎಂಬ ಹಸು ಏಳು ತಿಂಗಳ ಗಬ್ಬ. ಅದನ್ನು ಆಗಲೂ ಎರಡು ಹೊತ್ತು ಕರೆಯುತ್ತಿದ್ದರು. ವೈಜಯಂತಿಯವರು ಕೆಂಡವಾದರು. ಕರು ಹಾಕುವ ಎರಡು ತಿಂಗಳು ಮೊದಲೇ ಹಾಲು ಬತ್ತಿಸಬೇಕು, ಕೆಚ್ಚಲಿಗೆ ಬಿಡುವು ಬೇಕು, ಇಲ್ಲದಿದ್ದರೆ ಮುಂದಿನ ಸಲ ಹಾಲೂ ಕಡಿಮೆ, ಹಸುವೂ ಸೊರಗುತ್ತದೆ ಎಂದು ದಬಾಯಿಸಿದರು. ನಿಮ್ಮ ಸೊಸೈಟಿಯವರೇ ಬಿಡುವುದಿಲ್ಲವಲ್ಲ ಎಂದ ಸತ್‌ಬೀರ್.

ಅವನು ಹೇಳಿದ್ದು ನಿಜ. ವಾಟ್ಸಾಪ್ ಗ್ರೂಪಿನಲ್ಲಿ ಅದೇನು ರಂಪ! ಹಸುವಿನ ವಿಶ್ರಾಂತಿಗೂ ನಮ್ಮ ಚಹಾಕ್ಕೂ ಏನು ಸಂಬಂಧ ಎಂದು ಕೇಳಿದವರು ಓದಿದ ಜನ. ನೆನೆದರೆ ಈಗಲೂ ಮೈ ಉರಿಯುತ್ತದೆ. ನಿಮ್ಮ ಸೊಸೆಯಂದಿರಿಗೆ ಹೆರಿಗೆ ರಜೆ ಬೇಕು, ಅದಕ್ಕೆ ಬೇಡವೇ ಎಂದು ವೈಜಯಂತಿಯವರು ಹಿಂದಿಯಲ್ಲಿ ಬರೆದ ಮೇಲೆ ಗ್ರೂಪು ತೆಪ್ಪಗಾಯಿತು. ಹದಿನಾಲ್ಕು ಮನೆಗಳಿಗೆ ಎರಡು ತಿಂಗಳು ಪ್ಯಾಕೆಟ್ ಹಾಲೇ ಗತಿಯಾಯಿತು. ಕದ್ದು ಕರೆಯುತ್ತಾರೇನೋ ಎಂದು ಇವರು ದಿನಾ ಬೆಳಿಗ್ಗೆ ಹೋಗಿ ನೋಡಿ ಬರುತ್ತಿದ್ದರು.

ಆಮೇಲೆ ಬಾಯಿ ಬಿಟ್ಟವಳು ನಾನು. ಚಾಂದನಿ ಕರು ಹಾಕಿದರೆ ಗಿಣ್ಣು ಹಾಲು ಸಿಗುತ್ತದಲ್ಲವೇ, ಗಿಣ್ಣು ತಿಂದು ಹನ್ನೊಂದು ವರ್ಷವಾಯಿತು ಅಂದೆ. ಸುದ್ದಿ ಕನ್ನಡದವರ ಮನೆಮನೆಗೆ ಹಬ್ಬಿತು. ಜನಕಪುರಿಯಿಂದ ಲೀಲಮ್ಮನವರು ಫೋನ್ ಮಾಡಿ ತಮ್ಮ ಪಾಲು ಹೇಳಿಟ್ಟರು. ವೈಜಯಂತಿಯವರು ಹೋಗಿ, ಮೊದಲ ದಿನದ ಹಾಲು ನಮಗೆ, ಮರೆಯಬೇಡ ಎಂದು ಸತ್‌ಬೀರನಿಗೆ ತಾಕೀತು ಮಾಡಿ ಬಂದರು.

ಅವನು ಮರೆಯಲಿಲ್ಲ. ಒಂದು ಬೆಳಿಗ್ಗೆ ಚಾಂದನಿ ಹೆಣ್ಣು ಕರು ಹಾಕಿತು. ಹತ್ತು ಗಂಟೆಗೆಲ್ಲ ಸತ್‌ಬೀರ್ ತಾನೇ ಬೈಕಿನಲ್ಲಿ ಐದು ಲೀಟರಿನ ಕ್ಯಾನು ತಂದು, ನಿಮ್ಮಿಂದಲೇ ಹಸು ಇಷ್ಟು ಗಟ್ಟಿಯಾಗಿ ನಿಂತಿದೆ ಎಂದು ಕೈ ಮುಗಿದ. ಕಂಠದವರೆಗೆ ಹಳದಿ ಹಾಲು. ವೈಜಯಂತಿಯವರು ಬೆಲ್ಲ ಹಾಕಿ ಹಬೆಯಲ್ಲಿ ಬೇಯಿಸಿ ಒಂಬತ್ತು ಮನೆಗೆ ಹಂಚಿದರು. ನಾವು ಚಪ್ಪರಿಸಿಕೊಂಡು ತಿಂದೆವು.

ಮೂರನೇ ದಿನ ಕರುವಿಗೆ ಭೇದಿ ಹಿಡಿಯಿತು. ನಾಲ್ಕನೇ ದಿನ ಸತ್ತಿತು.

ಸುದ್ದಿ ಕೇಳಿ ಇಬ್ಬರೂ ಓಡಿದೆವು. ವೈಜಯಂತಿಯವರು ಸತ್‌ಬೀರನಿಗೆ ಬಾಯಿಗೆ ಬಂದಂತೆ ಬೈದರು. ನಾನೂ ನಾಲ್ಕು ಸೇರಿಸಿದೆ. ಹುಟ್ಟಿದ ತಕ್ಷಣ ಏನು ಕುಡಿಸಿದೆ ಎಂದು ಕೇಳಿದಾಗ, ಬೇರೆ ಹಸುವಿನ ಹಾಲು ಎಂದ.

"ಮೊದಲ ಹಾಲು ನಿಮ್ಮದು ಅಂದಿದ್ರಲ್ಲ ಮೇಡಂ. ಒಂದು ತೊಟ್ಟೂ ಇಟ್ಟುಕೊಳ್ಳಲಿಲ್ಲ. ನಿಮಗಿಂತ ತಿಳಿದವರು ಯಾರಿದ್ದಾರೆ ಅಂತ ಸುಮ್ಮನಾದೆ."

ವೈಜಯಂತಿಯವರು ಸರಸರನೆ ಮನೆಯತ್ತ ಹೊರಟರು. ಲಿಫ್ಟಿನಲ್ಲಿ ನನ್ನತ್ತ ತಿರುಗಿದರು. ಅವರ ಮುಖದಲ್ಲಿದ್ದ ಕೋಪ ನನ್ನ ಮೇಲಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಕರು ಹುಟ್ಟುವಾಗ ಮೈಯಲ್ಲಿ ರೋಗ ತಡೆಯೋ ಶಕ್ತಿ ಇರೋದಿಲ್ಲ ಲಾವಣ್ಯಾ. ಮೊದಲ ಕೆಲವು ಗಂಟೆಯೊಳಗೆ ಗಿಣ್ಣು ಹಾಲು ಕುಡಿದರೆ ಮಾತ್ರ ಬರುತ್ತೆ. ಈ ಸಾಲು ಎಷ್ಟು ಸಲ ಟೈಪ್ ಮಾಡಿದೀನೋ ಲೆಕ್ಕ ಇಲ್ಲ. ಕ್ಯಾನಿನ ಮುಚ್ಚಳ ತೆಗೆದಾಗ ಮನೇಲಿ ಏಲಕ್ಕಿ ಇದೆಯೋ ಇಲ್ಲವೋ ಅನ್ನೋದಷ್ಟೇ ನನಗೆ ನೆನಪಾಯ್ತು."

ಬಾಗಿಲು ಹಾಕಿಕೊಂಡರು. ನಾನು ಒಳಗೆ ಬಂದು ಫ್ರಿಜ್ ತೆಗೆದೆ. ಡಬ್ಬಿಯಲ್ಲಿ ಇನ್ನೂ ಎರಡು ತುಂಡು ಗಿಣ್ಣು ಇತ್ತು.